ಏನೂ ಹಾಕದ ಗಡಿಗೆ

ನಮ್ಮ ಮಾವನವರು ಮಗನ ಮದುವೆಗೆ ಬೀಗರಿಂದ ಕೇಳಿದ್ದು ಒಂದೇ ಒಂದು ವಸ್ತು, ಒಂದು ಹಿಡಿ ನುಸಿ! ಬಂಗಾರವಲ್ಲ, ಸೈಕಲ್ಲಲ್ಲ, ಜೋಳಕ್ಕೆ ಬೀಳುವ ನುಸಿ. ನಂಬಿಕೆ ಬರದಿದ್ದರೆ ನನ್ನನ್ನೇ ಕೇಳಿ, ಆ ಮದುವೆಯ ಮದುಮಗಳು ನಾನೇ.

ನನ್ನ ಅಪ್ಪನದು ಲಕ್ಷ್ಮೇಶ್ವರದಲ್ಲಿ ಕಾಳಿನ ಅಂಗಡಿ. ಕಾಳಿನ ವ್ಯಾಪಾರಿಯ ಮುಂದೆ ನುಸಿಯ ಹೆಸರೆತ್ತುವುದೂ ಒಂದೇ, ಹಾಲು ಮಾರುವವಳ ಮುಂದೆ ನೀರಿನ ಹೆಸರೆತ್ತುವುದೂ ಒಂದೇ. ಮದುವೆಯ ಮಾತಿಗೆಂದು ಬಂದ ಮಾವ, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲೇ ಶುರು ಮಾಡಿದರು.

“ಬೀಗರ, ನನಗೊಂದು ಹಿಡಿ ನುಸಿ ಬೇಕಾಗಿತ್ರಿ.”

“ನಮ್ಮ ಅಂಗಡ್ಯಾಗ ನುಸಿ ಇಲ್ರಿ,” ಎಂದ ಅಪ್ಪನ ಮುಖ ಕೆಂಪಾಗಿತ್ತು.

“ಹಂಗ ಅನಬ್ಯಾಡ್ರಿ. ಹುಡುಕಿದ್ರ ಸಿಗತಾವ.”

ಹುಡುಕಿದರು. ಸಿಕ್ಕವು! ಚೀಲದ ಮೂಲೆಯಿಂದ ಒಂದೊಂದಾಗಿ ಆರಿಸಿ ಸೀಸೆಗೆ ತುಂಬಿಕೊಂಡರು. ಗಿರಾಕಿಗಳು ಮುಸಿಮುಸಿ ನಕ್ಕರು. ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ಮುಂಡರಗಿಗೆ ಸೊಸೆಯಾಗಿ ಬಂದ ಮೇಲೆ ಪೂರ್ತಿ ಕಥೆ ತಿಳಿಯಿತು. ಮಾವ ಕಲಿತದ್ದು ನಾಲ್ಕೇ ಇಯತ್ತೆ. ಆದರೆ ಕಪ್ಪತಗುಡ್ಡದ ಗಿಡಗಂಟಿಗಳ ಸೊಪ್ಪು ತಂದು, ಯಾವ ಸೊಪ್ಪಿಗೆ ಯಾವ ಹುಳ ಹೆದರುತ್ತದೆಂದು ನೋಡುವುದೇ ಅವರ ಕೆಲಸ. ಹೊಲಮನೆ ನನ್ನ ಗಂಡನ ಪಾಲು. ಅತ್ತೆ ತೀರಿಕೊಂಡಿದ್ದರು, ಇನ್ನು ಮಾವನನ್ನು ತಡೆಯುವವರು ಯಾರು?

ಒಮ್ಮೆ ನನ್ನ ಅಣ್ಣಂದಿರಿಬ್ಬರು ನನ್ನನ್ನು ನೋಡಲು ಬಂದರು. ರಾತ್ರಿ ಮಾವ ದೊಡ್ಡಣ್ಣ ಮಲಗುವ ಹೊರಸಿನ ಕಾಲಿಗೆ ಸೊಪ್ಪು ಕಟ್ಟಿದರು, ಸಣ್ಣಣ್ಣನ ಹೊರಸನ್ನು ಹಾಗೆಯೇ ಬಿಟ್ಟರು. ಬೆಳಿಗ್ಗೆ ಸಣ್ಣಣ್ಣ ಮೈಯೆಲ್ಲ ಕೆರೆದುಕೊಳ್ಳುತ್ತ ಎದ್ದರೆ, ಮಾವ ಅವನ ಅಂಗಿ ಬಿಚ್ಚಿಸಿ ತಗಣಿ ಕಡಿದ ಗುರುತು ಎಣಿಸಿದರು! “ನಿಮ್ಮಿಂದ ಭಾಳ ಉಪಕಾರ ಆತ್ರಿ,” ಎಂದು ಕೈಯನ್ನೂ ಮುಗಿದರು. ಸಣ್ಣಣ್ಣ ಆಮೇಲೆ ನಮ್ಮ ಮನೆಯಲ್ಲಿ ಎಂದೂ ವಸತಿ ಮಾಡಲಿಲ್ಲ.

“ಇಬ್ಬರಿಗೂ ಕಟ್ಟಿದ್ರ ಆಗತಿದ್ದಿಲ್ಲೇನ್ರಿ, ಮಾವಾರ?” ಎಂದೆ.

“ಒಂದಕ್ಕ ಮಾಡಬೇಕು, ಒಂದಕ್ಕ ಬಿಡಬೇಕು, ಯವ್ವಾ. ಬಿಟ್ಟದ್ದು ಇಲ್ಲಂದ್ರ ಮಾಡಿದ್ದರ ಗುಣ ಹೆಂಗ ತಿಳೀತೈತಿ?”

ನನ್ನ ಅಣ್ಣನ ಬೆನ್ನು ಉರಿಯುತ್ತಿರುವಾಗ ಯಾರಿಗೆ ಬೇಕು ಈ ಶಾಸ್ತ್ರ? ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ಸ್ವಾತಂತ್ರ್ಯ ಬಂದ ಹೊಸತು. ಜೋಳಕ್ಕೆ ಕಂಟ್ರೋಲು, ಸರ್ಕಾರ ಅಳೆದು ಕೊಟ್ಟಷ್ಟೇ. ಮಾವ ಮೂರು ವರ್ಷ ಕಾಗದ ಬರೆದು ಬರೆದು, ಕೊನೆಗೆ ಗದಗಿನಿಂದ ಬೇಸಾಯ ಖಾತೆಯ ಸಾಹೇಬರೊಬ್ಬರು ಬರಲು ಒಪ್ಪಿದ್ದರು. ಸೊಪ್ಪಿನ ಗುಣ ಕಣ್ಣಾರೆ ಕಂಡರೆ ರೈತರಿಗೆ ಹಂಚುವ ಕರಪತ್ರದಲ್ಲಿ ಅದನ್ನು ಅಚ್ಚು ಹಾಕಿಸುತ್ತಾರಂತೆ. ಮಾವನಿಗೆ ನೆಲವೇ ಕಾಣದಷ್ಟು ಸಂತೋಷ. ಐದು ಗಡಿಗೆಗಳಲ್ಲಿ ಜೋಳ ತುಂಬಿ, ಒಂದೊಂದಕ್ಕೂ ಎಣಿಸಿ ಇಪ್ಪತ್ತು ನುಸಿ ಬಿಟ್ಟರು. ನಾಲ್ಕಕ್ಕೆ ಬೇವು, ಲಕ್ಕಿ, ಸೀತಾಫಲದ ಎಲೆ, ಬೂದಿ ಹೀಗೆ ಒಂದೊಂದನ್ನು ಹಾಕಿದರು. ಐದನೆಯದಕ್ಕೆ ಏನೂ ಹಾಕಲಿಲ್ಲ. ಎಲ್ಲಕ್ಕೂ ಅರಿವೆ ಕಟ್ಟಿ, ನಾಲ್ಕು ತಿಂಗಳ ಮೇಲೆ ಸಾಹೇಬರ ಎದುರಿಗೇ ಬಿಚ್ಚತಕ್ಕದ್ದು ಎಂದು ಅಪ್ಪಣೆ ಮಾಡಿದರು.

ಮಜ್ಜಿಗೆ ಕೇಳಲು ಬಂದಿದ್ದ ಪಕ್ಕದ ಮನೆಯಾಕೆ ಇದನ್ನೆಲ್ಲ ನೋಡಿದಳು. “ಮಂದಿಗೆ ತಿನ್ನಾಕ ಜ್ವಾಳಿಲ್ಲ. ನೀವು ನುಸಿಗೆ ಹಾಕಿ ಮೇಯಸ್ತೀರೇನ ತಂಗಿ?” ಎಂದಳು. ನಾನು ನೆಲಕ್ಕೆ ಬಿದ್ದ ಕಾಳನ್ನು ಕಣ್ಣಿಗೊತ್ತಿಕೊಂಡು ಬೆಳೆದವಳು. ನಾಚಿಕೆಯಿಂದ ಸತ್ತೇ ಹೋದೆ. ಅಲ್ಲದೆ, ಸಾಹೇಬರಂಥವರು ಬಂದಾಗ ಮನೆಯಲ್ಲಿ ನುಸಿ ಹಿಡಿದ ಜೋಳವೆಂದರೆ ಸೊಸೆಯ ಮಾನ ಏನಾಗಬೇಕು? ಮಾವ ಮೂರು ದಿನ ಗುಡ್ಡಕ್ಕೆ ಹೋದಾಗ ಐದನೆಯ ಗಡಿಗೆ ಸುರುವಿದೆ. ಜರಡಿ ಹಿಡಿದು ನುಸಿ ತೆಗೆದೆ, ಜೋಳವನ್ನು ಎರಡು ದಿನ ಹಿತ್ತಲಲ್ಲಿ ಬಿಸಿಲಿಗೆ ಹರವಿದೆ, ಒಂದು ಹಿಡಿ ಲಕ್ಕಿ ಸೊಪ್ಪು ಬೆರೆಸಿ ತುಂಬಿದೆ. ಅರಿವೆ ಕಟ್ಟಿದಾಗ ಪುಣ್ಯ ಕಟ್ಟಿಕೊಂಡ ಹಾಗಿತ್ತು!

ಸಾಹೇಬರು ಬಂದರು. ಊರ ಹಿರಿಯರೂ ಕೂಡಿದರು. ನಾಲ್ಕು ಗಡಿಗೆ ಬಿಚ್ಚಿ ನೋಡಿ ಸಾಹೇಬರು ತಲೆದೂಗಿದರು. “ಈಗ ನೋಡ್ರಿ, ಏನೂ ಹಾಕದ್ದು,” ಎಂದು ಮಾವ ಐದನೆಯದನ್ನು ಬಿಚ್ಚಿದರು. ಸಾಹೇಬರು ಒಂದು ಹಿಡಿ ತೆಗೆದು ನೋಡಿದರು. ಕಾಳು ಮುತ್ತಿನಂತಿತ್ತು.

“ಯಜಮಾನರ, ಏನೂ ಹಾಕದ್ದು ಎಲ್ಲಾದಕ್ಕಿಂತ ಚಲೋ ಐತಿ. ಮತ್ತ ನಿಮ್ಮ ಸೊಪ್ಪಿನ ಕೆಲಸ ಏನ್ರಿ?”

ಹಿರಿಯರೆಲ್ಲ ನಕ್ಕರು. ಬಾಗಿಲ ಮರೆಯಲ್ಲಿದ್ದ ನನಗೆ ಆಗ, ಆಗಷ್ಟೇ, ನಾನು ಮಾಡಿದ್ದೇನೆಂದು ಅರ್ಥವಾಯಿತು. ಮಾವ ಗಡಿಗೆಯ ತಳದವರೆಗೆ ಕೈ ಹಾಕಿದರು. ಮೇಲೆ ಬಂದ ಅಂಗೈಯಲ್ಲಿ ಕಾಳಿನ ನಡುವೆ ಒಣಗಿದ ಲಕ್ಕಿ ಎಲೆಯಿತ್ತು. ಅದನ್ನು ತೋರಿಸಿದ್ದರೆ ಸಾಕಿತ್ತು, ನಗುವವರ ಬಾಯಿ ಕಟ್ಟುತ್ತಿತ್ತು. ಅವರು ಒಮ್ಮೆ ಬಾಗಿಲ ಕಡೆ ನೋಡಿ ಮುಷ್ಟಿ ಮುಚ್ಚಿದರು.

“ನಂದ ಏನೋ ತಪ್ಪೇತ್ರಿ, ಸಾಹೇಬರ,” ಎಂದರು.

ಎಲ್ಲರೂ ಹೋದ ಮೇಲೆ ಮಾವ ನಾನಿದ್ದಲ್ಲಿಗೆ ಬಂದು ಕುಳಿತರು. ನನಗೆ ತಲೆ ಎತ್ತಲಾಗಲಿಲ್ಲ.

“ಸೊಪ್ಪು ಎಷ್ಟು ಹಾಕಿದ್ದಿ ಯವ್ವಾ?”

“ಒಂದು ಹಿಡಿ... ಬಿಸಿಲಿಗೂ ಹಾಕಿದ್ನಿರಿ, ಎರಡು ದಿನ.”

“ಬಿಸಿಲು. ಅದು ನನಗ ಹೊಳದಿದ್ದಿಲ್ಲ ನೋಡು,” ಎಂದರು, ಗುರುವಿನ ಮುಂದೆ ಕುಳಿತವರ ಹಾಗೆ.

ನಾನು ಅಳುತ್ತ ಕೇಳಿದೆ: “ಆ ಎಲಿ ಅವರಿಗೆ ಯಾಕ ತೋರಸಲಿಲ್ರಿ, ಮಾವಾರ?”

“ನಾ ಇನ್ನೆಷ್ಟು ದಿನ ಇರತೇನಿ? ನೀ ಇನ್ನ ನಲವತ್ತು ವರ್ಷ ಇದ ಊರಾಗ ನೀರಿಗೆ ಹೋಗಾಕಿ.”

ಸಾಹೇಬರು ಮತ್ತೆ ಬರಲಿಲ್ಲ. ಮಾವನ ಕಾಗದಗಳಿಗೆ ಉತ್ತರವೂ ಬರಲಿಲ್ಲ. ಮಾವ ಸಾಯುವವರೆಗೂ ಊರವರು ಆ ದಿನದ ಕಥೆ ಹೇಳಿ ನಗುತ್ತಿದ್ದರು. ಕೊಡ ಹೊತ್ತು ಅವರ ಮುಂದೆಯೇ ಹಾಯುತ್ತಿದ್ದ ನಾನು ಒಂದು ದಿನವೂ ಬಾಯಿ ಬಿಡಲಿಲ್ಲ. ಇವತ್ತು ಹೇಳುತ್ತಿದ್ದೇನೆ. ಮಾವನದು ಏನೂ ತಪ್ಪಿರಲಿಲ್ಲ. ಆ ಗಡಿಗೆಗೆ ಸೊಪ್ಪು ಹಾಕಿದವಳು ನಾನು.