ಬಸವಲಿಂಗನ ದವಡೆ ಹಲ್ಲು ಮತ್ತು ಸಂಶೋಧನಾ ಶಿಷ್ಯವೇತನ

ರಾಯಚೂರು ನಗರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಟೆಕ್. ಓದುವವರ ಏಳಿಗೆಗಾಗಿ ಒಟ್ಟು ಹದಿನಾಲ್ಕು ಪ್ರೋತ್ಸಾಹ ಯೋಜನೆಗಳಿವೆ. ಅವುಗಳಲ್ಲಿ ಹದಿಮೂರಕ್ಕೆ ಅರ್ಜಿ ಹಾಕಬೇಕಾದರೆ, ಈ ಹಿಂದೆ ಒಂದಾದರೂ ಪ್ರೋತ್ಸಾಹ ಪಡೆದ ಬಗ್ಗೆ ಪ್ರಮಾಣಪತ್ರ ಲಗತ್ತಿಸತಕ್ಕದ್ದು. ಹೀಗಾಗಿ ಈ ಹದಿಮೂರು ಯೋಜನೆಗಳ ಹಣ ಇಲ್ಲಿಯವರೆಗೆ ಒಂದು ಪೈಸೆಯೂ ದುರುಪಯೋಗವಾಗಿಲ್ಲ. ಈ ಶಿಸ್ತಿಗಾಗಿ ಕಾಲೇಜಿಗೆ ಎರಡು ಸಲ ಪ್ರಶಂಸಾಪತ್ರ ಬಂದಿದ್ದು, ಎರಡನ್ನೂ ಚೌಕಟ್ಟು ಹಾಕಿಸಿ ಪ್ರಾಚಾರ್ಯರ ಕೋಣೆಯಲ್ಲಿ ತೂಗುಹಾಕಲಾಗಿದೆ.

ಹದಿನಾಲ್ಕನೆಯ ಯೋಜನೆ ಹೋದ ವರ್ಷ ಬಂತು. ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ವಿರೂಪಣ್ಣನವರು ತೀರಿಹೋದ ತಾಯಿಯ ಹೆಸರಿನಲ್ಲಿ ಇಟ್ಟದ್ದು ಅದು. ಹೆಸರು, 'ಮಾತೋಶ್ರೀ ಶರಣಮ್ಮ ಸ್ಮಾರಕ ಸಂಶೋಧನಾ ಶಿಷ್ಯವೇತನ ಮತ್ತು ವಿದ್ಯಾರ್ಥಿ ಸಂವರ್ಧನಾ ಯೋಜನೆ'. ಇದಕ್ಕೆ ಹಳೆಯ ಪ್ರಮಾಣಪತ್ರ ಬೇಕಿರಲಿಲ್ಲ. ದಾನಿಗಳಿಗೆ ಆ ನಿಯಮ ಗೊತ್ತಿರಲಿಲ್ಲ, ಯಾರೂ ಹೇಳಿರಲೂ ಇಲ್ಲ.

ಅರ್ಜಿ ಹಾಕಿದವನು ಒಬ್ಬನೇ, ನಿಂಗರಾಜ. ದೇವದುರ್ಗ ತಾಲೂಕಿನ ಗೂಗಲ್ ಎಂಬ ಊರಿನವನು. ಅಪ್ಪ ಕುರಿ ಹಿಂಡಿನ ಬೆನ್ನಿಗೆ, ಅವ್ವ ಬಾಲಮ್ಮ ಹೊಳೆದಂಡೆಯ ಎರಡೆಕರೆ ಭತ್ತದ ಬೆನ್ನಿಗೆ. ಆ ಮನೆತನದಲ್ಲಿ ಕುರಿ ಎಣಿಸುವುದನ್ನು ಬಿಟ್ಟು ಬೇರೆ ಲೆಕ್ಕ ಕಲಿತವರಲ್ಲಿ ಇವನೇ ಮೊದಲಿಗ. ಆ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು, ಮುಚ್ಚಿಡುವುದೇಕೆ.

ಇವನು ಊಟದ ಡಬ್ಬಿಯಷ್ಟು ದೊಡ್ಡದಾದ ಒಂದು ಯಂತ್ರ ಮಾಡಿದ್ದ. ಒಂದು ಹಿಡಿ ಭತ್ತ ಹಾಕಿ ಗುಂಡಿ ಒತ್ತಿದರೆ ಅದರೊಳಗೆ ತೇವ ಶೇಕಡಾ ಎಷ್ಟಿದೆ ಎಂದು ಕೆಂಪಕ್ಷರದಲ್ಲಿ ತೋರಿಸುತ್ತಿತ್ತು. ಇದರ ಹಿಂದೆ ಅವ್ವನ ಒಂದು ಮಾತಿತ್ತು. ಬಾಲಮ್ಮ ಪ್ರತಿ ವರ್ಷ ಭತ್ತ ಒಯ್ಯುವುದು ಇದೇ ವಿರೂಪಣ್ಣನವರ ಗಿರಣಿಗೆ, ಅಲ್ಲಿ ತೇವ ನೋಡುವವನು ಗುಮಾಸ್ತ ಬಸವಲಿಂಗ. ಅವನ ಪದ್ಧತಿ ಸರಳ. ಚೀಲದಿಂದ ನಾಲ್ಕು ಕಾಳು ತೆಗೆದು, ಎಡಗಡೆಯ ದವಡೆ ಹಲ್ಲಿಗೆ ಕೊಟ್ಟು ಕಟಕ್ಕೆಂದು ಕಡಿದು, ಕಣ್ಣು ಮುಚ್ಚಿ 'ಹದಿನೆಂಟು' ಎನ್ನುವುದು. ಹದಿನಾಲ್ಕರ ಮೇಲೆ ಎಷ್ಟು ಹೆಚ್ಚಿದರೆ ಕ್ವಿಂಟಲಿಗೆ ಅಷ್ಟು ಕಿಲೋ ಕಡಿತ. ಮೂವತ್ತೊಂದು ವರ್ಷದಲ್ಲಿ ಆ ಹಲ್ಲು ಹದಿನೇಳಕ್ಕಿಂತ ಕೆಳಗೆ ಇಳಿದ ದಾಖಲೆಯಿಲ್ಲ.

"ಈ ಬಿಸಿಲಿಗೆ ಮನಷ್ಯಾರ ಒಣಗಿ ಕಟಗಿ ಆಗ್ಯಾರ, ನೆಲ್ಲಿನ್ಯಾಗ ಎಲ್ಲಿಂದ ಬರ್ತದೋ ಯಪ್ಪಾ ತ್ಯಾವ?" ಎಂದು ಬಾಲಮ್ಮ ಮಗನನ್ನು ಕೇಳಿದ್ದಳು. "ನಿನ್ನ ಓದಿನ್ಯಾಗ ಇದಕ್ಕೊಂದು ದಾರಿ ಇದ್ರ ನೋಡು."

ದಾರಿ ಇತ್ತು. ಆದರೆ ಯಂತ್ರವನ್ನು ಒಂದು ಹಂಗಾಮು ಪೂರ್ತಿ ನಿಜವಾದ ಗಿರಣಿಯಲ್ಲಿ ಪರೀಕ್ಷಿಸದೆ ಪದವಿ ಸಿಗುವಂತಿರಲಿಲ್ಲ, ಪರೀಕ್ಷಿಸಲು ಕೈಯಲ್ಲಿ ಕಾಸಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟಲು ಹೊರಟ ನಿಂಗರಾಜ ಗಂಟೆಯ ದುಡ್ಡಿಗಾಗಿ ಬೆಕ್ಕಿಗೇ ಅರ್ಜಿ ಬರೆದ. ಅರ್ಜಿ ಬರೆಯುವಾಗ ಇದು ಹೊಳೆಯಲಿಲ್ಲವೇ ಎಂದರೆ, ಹೊಳೆಯಲಿಲ್ಲ. ಅವನು ಆಗ ಕಾಗುಣಿತದ ತಪ್ಪು ತಿದ್ದುವುದರಲ್ಲಿ ಮಗ್ನನಾಗಿದ್ದ.

ಅರ್ಜಿ ಮಂಜೂರಾಯಿತು. ಯೋಜನಾ ವಿಭಾಗದ ಇನಾಯತ್ ಸಾಹೇಬರು ನಿಯಮಾವಳಿಯನ್ನು ನಿಂತುಕೊಂಡು ಓದಿ ಹೇಳಿದರು. ಅವರು ಯಾವ ನಿಯಮವನ್ನೂ ಕೂತು ಓದಿದವರಲ್ಲ. ನಿಯಮ ನಾಲ್ಕು: ಫಲಾನುಭವಿಯು ಮೂರು ದಿನಗಳ ಸಂವರ್ಧನಾ ಶಿಬಿರದಲ್ಲಿ ಕಡ್ಡಾಯವಾಗಿ ಭಾಗವಹಿಸತಕ್ಕದ್ದು. ನಿಯಮ ಏಳು: ಸಂಶೋಧನೆಯ ಫಲಿತಾಂಶವು ಸತ್ಯವಾಗಿರತಕ್ಕದ್ದು, ಮತ್ತು ದಾನಿಗಳ ಮನಸ್ಸಿಗೆ ನೋವುಂಟು ಮಾಡತಕ್ಕದ್ದಲ್ಲ. ಇವೆರಡರಲ್ಲಿ ವಿರೋಧ ಕಂಡುಬಂದಲ್ಲಿ ಎರಡನೆಯದನ್ನು ಮೊದಲು ಪಾಲಿಸತಕ್ಕದ್ದು.

ಶಿಬಿರದ ಮೊದಲ ದಿನ, ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕನ್ನು ದಾನಿಗಳ ಮುಖ ಮರೆಯಾಗದಂತೆ ಹಿಡಿಯುವ ತರಬೇತಿ. ಎರಡನೆಯ ದಿನ, ಶಾಲು ಹೊದಿಸಿಕೊಳ್ಳಲು ಎಷ್ಟು ಬಾಗಬೇಕು ಎಂಬ ಬಗ್ಗೆ ವಿಷಯ ತಜ್ಞರ ಉಪನ್ಯಾಸ. ಮೂರನೆಯ ದಿನ ಪರೀಕ್ಷೆ. ನಿಂಗರಾಜ ಹಾಸ್ಟೆಲಿನ ಹಾಸಿಗೆ ಚಾದರ ಹೊದ್ದು ಅಭ್ಯಾಸ ಮಾಡಿದ್ದರಿಂದ ಬಾಗುವುದರಲ್ಲಿ ಎ ಶ್ರೇಣಿ ಪಡೆದ. ಎಂ.ಟೆಕ್.ನ ಬೇರೆ ಯಾವ ವಿಷಯದಲ್ಲೂ ಅವನಿಗೆ ಎ ಬಂದಿರಲಿಲ್ಲ. ತನ್ನ ಪ್ರತಿಭೆ ಎಲ್ಲಿದೆ ಎಂದು ಇಪ್ಪತ್ನಾಲ್ಕು ವರ್ಷಕ್ಕೆ ಗೊತ್ತಾಯಿತಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಏಪ್ರಿಲ್ ತಿಂಗಳ ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ, ಶಾಮಿಯಾನದ ಕೆಳಗೆ ಉಣ್ಣೆಯ ಶಾಲು ಹೊದ್ದು ನಿಂತ ಅವನ ಫೋಟೋ ಪತ್ರಿಕೆಯಲ್ಲೂ ಬಂತು. ಮೂರ್ಛೆ ಹೋಗುವ ಅರ್ಧ ನಿಮಿಷ ಮೊದಲು ತೆಗೆದದ್ದಾದರೂ ಚೆನ್ನಾಗಿಯೇ ಬಂದಿತ್ತು.

ಎರಡನೆಯ ಬೆಳೆ ಗಿರಣಿಗೆ ಬರತೊಡಗಿತು. ನಿಂಗರಾಜ ಯಂತ್ರ ಹೊತ್ತು ಮಾನ್ವಿಗೆ ಹೋದ. ಮೊದಲ ದಿನ ನಲವತ್ತು ಚೀಲಗಳ ಭತ್ತ ನೋಡಿದ. ಯಂತ್ರ ಹದಿಮೂರು ಎಂದಿತು. ಅದೇ ಭತ್ತದಲ್ಲಿ ಒಂದೊಂದು ಹಿಡಿ ಕಾಲೇಜಿಗೆ ತಂದು, ಪ್ರಯೋಗಾಲಯದ ಓವನ್ನಿನಲ್ಲಿ ಒಣಗಿಸಿ, ಮೊದಲೂ ಆಮೇಲೂ ತೂಗಿ ನೋಡಿದಾಗ ಅಲ್ಲಿಯೂ ಹದಿಮೂರೇ. ಬಸವಲಿಂಗನ ಹಲ್ಲು ಹದಿನೆಂಟು ಎಂದಿತ್ತು.

ಆ ಸಂಜೆ ನಿಂಗರಾಜನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವ್ವನಿಗೆ ಫೋನು ಹಚ್ಚಿ, ಈ ಸಲ ನಿನ್ನ ಭತ್ತಕ್ಕೆ ಒಂದು ಕಿಲೋ ಸಹ ಕಡಿತ ಆಗೋದಿಲ್ಲ ಎಂದು ಹೇಳಿಯೇಬಿಟ್ಟ. ಬಾಲಮ್ಮ ಅದನ್ನು ಓಣಿಗೆಲ್ಲ ಹೇಳಿದಳು.

ವರದಿ ನೋಡಿದ ಶಿಷ್ಯವೇತನದ ಪರಿಶೀಲನಾ ಸಮಿತಿಗೆ ಗಾಬರಿಯಾಯಿತು. ಸಮಿತಿಯ ಸಭೆಯನ್ನು ಗಿರಣಿಯ ಆವರಣದಲ್ಲಿಯೇ ಕರೆಯಲಾಯಿತು, ಏಕೆಂದರೆ ಅಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೋಳಿಗೆ ಇದ್ದವು. ಊಟವಾದ ಮೇಲೆ ಅಧ್ಯಕ್ಷರು ಒಂದೇ ಪ್ರಶ್ನೆ ಕೇಳಿದರು, ಈ ಯಂತ್ರದ ಸೇವಾವಧಿ ಎಷ್ಟು? ಎರಡು ತಿಂಗಳು ಎಂದು ನಿಂಗರಾಜ ಹೇಳಿದ. ಓವನ್ನಿನದು? ಆರು ವರ್ಷ. ಹಲ್ಲಿನದು? ಮೂವತ್ತೊಂದು ವರ್ಷ ರೀ, ಎಂದು ಬಸವಲಿಂಗ ಎದ್ದು ನಿಂತು ಹೇಳಿದ, ಒಂದು ದಿನವೂ ರಜೆ ಹಾಕಿಲ್ಲ.

ವಿರೂಪಣ್ಣನವರು ಸಿಟ್ಟು ಮಾಡುವವರಲ್ಲ. ಹಣೆಯ ತುಂಬ ವಿಭೂತಿ, ಮಾತಿನ ತುಂಬ ವಿನಯ. ಮೆತ್ತಗೆ ಹೇಳಿದರು, "ಅದು ಕಾಯಕ ಮಾಡಿದ ಹಲ್ಲು ರೀ. ನಿಮ್ಮ ಮಷೀನು ಇನ್ನಾ ಕೂಸು. ಕೂಸು ಹಿರ್ಯಾರ ಮಾತಿಗೆ ಎದುರು ಮಾತಾಡಿದ್ರ ತಪ್ಪು ಕೂಸಿಂದಲ್ಲ, ಕಲಿಸಿದವರದು."

ಸಮಿತಿಯ ನಡಾವಳಿ ಹೀಗಿದೆ: 'ಸೇವಾ ಹಿರಿತನದ ಆಧಾರದ ಮೇಲೆ ಶ್ರೀ ಬಸವಲಿಂಗ ಇವರ ಎಡ ಕೆಳದವಡೆಯ ಹಲ್ಲನ್ನು ಪ್ರಮಾಣ ಉಪಕರಣವೆಂದು ಅಂಗೀಕರಿಸಲಾಯಿತು. ಸದರಿ ಹಲ್ಲಿನೊಂದಿಗೆ ಹೊಂದಿಕೊಳ್ಳದಿರುವುದು ಯಂತ್ರದ ದೋಷವಾಗಿದ್ದು, ವಿದ್ಯಾರ್ಥಿಯು ಅದನ್ನು ಸರಿಪಡಿಸತಕ್ಕದ್ದು. ಓವನ್ನಿಗೆ ವಿವರಣೆ ಕೇಳಿ ನೋಟಿಸು ನೀಡುವುದು.' ನೋಟಿಸನ್ನು ಓವನ್ನಿನ ಬಾಗಿಲಿಗೆ ಅಂಟಿಸಲಾಯಿತು. ಏಳು ದಿನದೊಳಗೆ ಅದು ಉತ್ತರ ಕೊಡದ ಕಾರಣ ಪ್ಲಗ್ಗು ತೆಗೆಯಲಾಯಿತು.

ನಿಂಗರಾಜನ ಗೈಡ್ ಡಾ. ಶೈಲಶ್ರೀ ಮೇಡಂ ಕೆಟ್ಟವರಲ್ಲ, ದಣಿದವರು. ಅವರು ಅವನನ್ನು ಕಾರಿಡಾರಿಗೆ ಕರೆದು, ಪ್ರಬಂಧ ಒಪ್ಪಿಸುವ ಕೊನೆಯ ದಿನ ಜೂನ್ ಹದಿನೈದು, ತಪ್ಪಿದರೆ ಇನ್ನೊಂದು ವರ್ಷ ಎಂದು ನೆನಪಿಸಿದರು. ಆಮೇಲೆ, "ನಂದೂ ಪಿಎಚ್.ಡಿ. ಹಿಂಗ ಆಗಿದ್ದೋ ನಿಂಗರಾಜ" ಎಂದರು.

ಅದೇ ವಾರ ಬಸವಲಿಂಗ ಯಾರದೋ ಚೀಲದ ಕಾಳಿನ ಜೊತೆ ಒಂದು ಕಲ್ಲಿನ ಹರಳು ಕಡಿದ. ಪ್ರಮಾಣ ಉಪಕರಣ ಎರಡು ಹೋಳಾಯಿತು. ಗಿರಣಿಯ ಖರೀದಿ ನಿಂತಿತು, ಟ್ರ್ಯಾಕ್ಟರುಗಳು ರಸ್ತೆಯವರೆಗೆ ಸಾಲುಗಟ್ಟಿದವು. ಬಲಗಡೆಯ ಹಲ್ಲಿನಿಂದ ನೋಡಬಹುದಲ್ಲ ಎಂದು ಯಾರೋ ಸೂಚಿಸಿದರು. ಅದಕ್ಕೆ ತರಬೇತಿಯಿಲ್ಲ ಎಂದು ಬಸವಲಿಂಗ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಕೊನೆಗೆ ಇನಾಯತ್ ಸಾಹೇಬರು ನಿಯಮಾವಳಿ ತಿರುವಿ ಹಾಕಿ ದಾರಿ ಕಂಡುಹಿಡಿದರು. ಶಿಷ್ಯವೇತನದ ಮೊದಲ ಕಂತನ್ನು 'ಉಪಕರಣ ದುರಸ್ತಿ'ಗೆ ಬಳಸಬಹುದು. ಹೀಗೆ ನಿಂಗರಾಜನ ಸಂಶೋಧನೆಯ ಹಣದಲ್ಲಿ ರಾಯಚೂರಿನ ಹಲ್ಲಿನ ಡಾಕ್ಟರ ಹತ್ತಿರ ಬಸವಲಿಂಗನಿಗೆ ಬೇರು ಚಿಕಿತ್ಸೆಯಾಗಿ, ಮೇಲೊಂದು ಬಿಳಿ ಕ್ಯಾಪು ಕೂತಿತು. ಬಸ್ಸಿನಲ್ಲಿ ಅವನ ಪಕ್ಕ ಕೂತು, ದವಡೆಗೆ ಹಿಡಿಯಲು ಐಸು ಕೊಡುತ್ತ ಬಂದವನು ನಿಂಗರಾಜನೇ. ಪ್ರಯೋಗಾಲಯದ ಉಪಕರಣದ ಹೊಣೆ ವಿದ್ಯಾರ್ಥಿಯದು ಎಂದು ನಿಯಮ ಹನ್ನೊಂದರಲ್ಲಿದೆ. ದಾರಿಯುದ್ದಕ್ಕೂ ಬಸವಲಿಂಗ ಅವನ ತಲೆ ಸವರಿ, ಹೆತ್ತ ಮಗನೂ ಇಷ್ಟು ಮಾಡುತ್ತಿರಲಿಲ್ಲ ಎಂದ.

ದುರಸ್ತಿಯಾದ ಹಲ್ಲು ಮರುದಿನ ಹತ್ತೊಂಬತ್ತು ತೋರಿಸಿತು. ಹೊಸ ಕ್ಯಾಪಿನಿಂದ ನಿಖರತೆ ಹೆಚ್ಚಿದೆ ಎಂದು ಸಮಿತಿ ಅಭಿಪ್ರಾಯಪಟ್ಟಿತು.

ಇನ್ನು ಉಳಿದದ್ದು ಯಂತ್ರ. ಅದರ ಬೆನ್ನಿಗೆ ಒಂದು ಸಣ್ಣ ಸ್ಕ್ರೂ ಇತ್ತು, ಓವನ್ನಿನ ಫಲಿತಾಂಶಕ್ಕೆ ತಕ್ಕಂತೆ ಅಂಕಿ ಹೊಂದಿಸಲು ನಿಂಗರಾಜ ತಾನೇ ಇಟ್ಟದ್ದು. ಅದನ್ನು ಅವನು ಮೂರು ದಿನ ಮುಟ್ಟಲಿಲ್ಲ. ಮೂರು ದಿನ ತಾನು ದೊಡ್ಡ ಮನುಷ್ಯ ಎಂದುಕೊಂಡ. ನಾಲ್ಕನೆಯ ದಿನ ಹಾಸ್ಟೆಲಿನ ನೋಟಿಸು ಬೋರ್ಡಿನಲ್ಲಿ ಜೂನ್ ಹದಿನೈದು ಎಂದು ದಪ್ಪಕ್ಷರದಲ್ಲಿ ಬರೆದದ್ದು ಕಂಡಿತು. ಮುಕ್ಕಾಲು ಸುತ್ತು ತಿರುಗಿಸಿದ. ಹದಿಮೂರು ಹತ್ತೊಂಬತ್ತಾಯಿತು. ಎಷ್ಟು ಸಲೀಸಾಗಿ ತಿರುಗಿತೆಂದರೆ, ಅವನಿಗೆ ತನ್ನ ಕೈಯ ಮೇಲೆಯೇ ಅಸಹ್ಯ ಹುಟ್ಟಿತು. ಆದರೂ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಲಿಲ್ಲ ಎಂಬುದನ್ನೂ ದಾಖಲಿಸಬೇಕು.

ಪ್ರಬಂಧದ ಹೆಸರು ಬದಲಾಯಿತು: 'ಮಾನವ ದಂತಾಧಾರಿತ ತೇವಮಾಪನದೊಂದಿಗೆ ವಿದ್ಯುನ್ಮಾನ ಉಪಕರಣದ ಹೊಂದಾಣಿಕೆ: ಒಂದು ಯಶೋಗಾಥೆ'. ಮೇಡಂ ಸಹಿ ಹಾಕಿದರು. ಎರಡನೆಯ ಕಂತಿನ ಜೊತೆ ಪ್ರಮಾಣಪತ್ರವೂ ಬಂತು. ಈಗ ನಿಂಗರಾಜ ಉಳಿದ ಹದಿಮೂರು ಯೋಜನೆಗಳಿಗೂ ಅರ್ಹನಾಗಿದ್ದ, ಆದರೆ ಮೌಖಿಕ ಪರೀಕ್ಷೆಯೊಂದು ಮುಗಿದರೆ ವಿದ್ಯಾರ್ಥಿಯಾಗಿ ಉಳಿಯುತ್ತಿರಲಿಲ್ಲ. ಕಾಲೇಜಿನ ಶಿಸ್ತಿಗೆ ಭಂಗ ಬರಲಿಲ್ಲ.

ಕೊನೆಯದಾಗಿ ಒಂದು ಕೆಲಸವಿತ್ತು. ಯಂತ್ರವನ್ನು ರೈತರು ಒಪ್ಪಿದ್ದಾರೆಂದು ಗಿರಣಿಯಲ್ಲಿ ಕೂತು ವಹಿಯಲ್ಲಿ ತುಂಬಿಕೊಂಡು ಬರಬೇಕಿತ್ತು. ಯಂತ್ರಕ್ಕೆ ಕುಂಕುಮ ಹಚ್ಚಿ, ಹೂವೇರಿಸಿ, ಶರಣಮ್ಮನವರ ಫೋಟೋದ ಕೆಳಗೆ ಇಟ್ಟಿದ್ದರು. ಬಸವಲಿಂಗ ಈಗ ಕಾಳು ಕಡಿಯುತ್ತಿರಲಿಲ್ಲ, ಗುಂಡಿ ಒತ್ತುತ್ತಿದ್ದ. ಹಲ್ಲಿಗೂ ವಯಸ್ಸಾಯಿತಲ್ಲ.

ಮಧ್ಯಾಹ್ನದ ಹೊತ್ತಿಗೆ ಗೂಗಲ್ಲಿನ ಟ್ರ್ಯಾಕ್ಟರು ಬಂತು. ಬಾಲಮ್ಮ ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು. ಹೋದ ವರ್ಷ ಇದೇ ಜಾಗದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ತಾಸು ಬಾಯಿ ಮಾಡಿ, ನಾಲ್ಕು ಕಿಲೋ ಕಡಿತವನ್ನು ಮೂರಕ್ಕೆ ಇಳಿಸಿಕೊಂಡು ಹೋಗಿದ್ದಳು. ಈ ಸಲ ಮಗನನ್ನೂ ಯಂತ್ರವನ್ನೂ ಕಣ್ತುಂಬ ನೋಡಿ, ತಾನೇ ಒಂದು ಹಿಡಿ ಭತ್ತ ಅದರೊಳಗೆ ಸುರಿದಳು. ಬಸವಲಿಂಗ ಗುಂಡಿ ಒತ್ತಿದ. ಹತ್ತೊಂಬತ್ತು. ಕ್ವಿಂಟಲಿಗೆ ಐದು ಕಿಲೋ.

"ಹತ್ತೊಂಬತ್ತು ಅಂತದೇನು ಯಪ್ಪಾ?" ಎಂದು ಮಗನನ್ನು ಕೇಳಿದಳು.

ವಿರೂಪಣ್ಣನವರು ಕುರ್ಚಿಯಲ್ಲಿ ಕೂತು ಮುಗುಳ್ನಗುತ್ತಿದ್ದರು. ಸೋಮವಾರ ಮೌಖಿಕ ಪರೀಕ್ಷೆಯಿತ್ತು. ಸ್ಕ್ರೂವಿನ ಮಾತು ನಿಂಗರಾಜನ ನಾಲಿಗೆಯ ತುದಿಗೆ ಬಂದು, ಅಲ್ಲಿ ಸ್ವಲ್ಪ ನಿಂತು, ಹಿಂದಕ್ಕೆ ಹೋಯಿತು.

"ಹೌದವ್ವಾ," ಎಂದ.

ಬಾಲಮ್ಮ ಸೆರಗು ಸಿಕ್ಕಿಸಲಿಲ್ಲ. ಬಸವಲಿಂಗನ ಕಡೆ ತಿರುಗಿ ಕೈ ಮುಗಿದಳು. "ಹಲ್ಲು ಹೇಳಿದ್ದು ಸುಳ್ಳು ಅಂತ ಇಷ್ಟು ವರ್ಷ ನಿಮಗ ಬಾಯಿಗೆ ಬಂದಂಗ ಬೈದೀನ್ರೀ ಯಪ್ಪಾ. ನನ್ನ ಮಗ ಮಾಡಿದ ಮಷೀನು ಸುಳ್ಳು ಹೇಳ್ತದೇನು? ತಪ್ಪಾತು, ಹೊಟ್ಟ್ಯಾಗ ಹಾಕ್ಕೋರಿ."

ಬಸವಲಿಂಗ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ. ಚೀಲಗಳು ಒಳಗೆ ಹೋದವು. ನಿಂಗರಾಜ ವಹಿ ತೆರೆದು, 'ರೈತರ ಆಕ್ಷೇಪಣೆ' ಎಂಬ ಕಾಲಮ್ಮಿನಲ್ಲಿ, ಬಾಲಮ್ಮ, ಗೂಗಲ್ ಎಂಬ ಹೆಸರಿನ ಮುಂದೆ, 'ಇಲ್ಲ' ಎಂದು ಬರೆದು ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡ.