ಕೊನೆಗೆ ಮೂವತ್ತಾರು ಬರುವ ನಂಬರು

ನಿವೃತ್ತನಾದ ಮೇಲೆ ಬೇಡವೆಂದರೂ ಕೆಲವು ಬಿರುದುಗಳು ಬಂದು ಅಂಟಿಕೊಳ್ಳುತ್ತವೆ. ನನಗೆ ಅಂಟಿದ್ದು ಕಂಪ್ಯೂಟರ್ ಪಂಡಿತನೆಂಬ ಬಿರುದು. ಅಳವಂಡಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ಸುಸ್ತಾಗಿ, ಕೊಪ್ಪಳಕ್ಕೆ ಬಂದು ನೆಲೆಸಿದವನು ನಾನು. ಪೇಪರ್ ಓದಲೆಂದು ಒಂದು ಲ್ಯಾಪ್‌ಟಾಪ್ ಕೊಂಡದ್ದೇ ತಪ್ಪಾಯಿತು. ಕಾಲೇಜು ಶುರುವಾಗುವ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ. ಕಣ್ಣು ಉರಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಮಧ್ಯಾಹ್ನದ ನಿದ್ದೆಯಂತೂ ಕನಸಿನ ಮಾತು. ಆದರೂ ಒಳಗೊಳಗೆ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ?

ಮೊನ್ನೆ ಮಧ್ಯಾಹ್ನ ಬಂದವಳು ಸಮೀನಾ, ಅಳವಂಡಿಯ ಟೇಲರ್ ಮಗಳು. ನನ್ನ ಕ್ಲಾಸಿನಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು ನಕಾಶೆ ಬಿಡಿಸುತ್ತಿದ್ದ ಹುಡುಗಿ. ಮೊದಲ ವರ್ಷದ ಬಿ.ಎ.ಗೆ ವಿಷಯ ಆರಿಸಿ ನೋಂದಾಯಿಸಲು ಅಂದೇ ಕೊನೆಯ ದಿನ, ಸಂಜೆ ಐದಕ್ಕೆ ಬಂದ್.

"ನಮ್ಮ ಅಬ್ಬಾ ಹ್ಞೂಂ ಅನ್ನೋದ್ರಾಗ ಕಡೀ ದಿನಾನ ಬಂತ್ರಿ ಸರ್. ಇವತ್ತ ಆಗಲಿಲ್ಲಂದ್ರ ಮನ್ಯಾಗ ಕುಂದರ್ಸತಾರ. ನನಗ ಭೂಗೋಳನ ಬೇಕ್ರಿ. ಸರ್, ಇನ್ನೊಂದ ಮಾತ ಹೇಳೋದಿತ್ತು, ಆ ಫೋನು..."

"ಅದೆಲ್ಲಾ ಆಮ್ಯಾಲ. ಮೊದಲ ಕುಂದ್ರ," ಎಂದೆ. ಮಕ್ಕಳ ಮಾತನ್ನು ಪೂರ್ತಿ ಕೇಳುವ ಅಭ್ಯಾಸ ನನಗೆ ಸರ್ವಿಸಿನಲ್ಲೂ ಇರಲಿಲ್ಲ.

ಅವಳ ಹೆಸರು, ಹುಟ್ಟಿದ ತಾರೀಖು ಎಲ್ಲ ತುಂಬಿ ಒತ್ತಿದರೆ, ಕೊನೆಗೆ ಮೂವತ್ತಾರು ಬರುವ ಮೊಬೈಲ್ ನಂಬರಿಗೆ ಓಟಿಪಿ ಕಳಿಸಿದ್ದೇವೆ ಎಂದು ಪರದೆ ಹೇಳಿತು. ಸಮೀನಾಳ ಫೋನು ಸುಮ್ಮನಿತ್ತು. ಇನ್ನೊಮ್ಮೆ ಒತ್ತಿದೆ. ನಾಲ್ಕು ಸಲ ಒತ್ತಿದೆ. ಶಾಲೆಯಲ್ಲಿ ಕೊಟ್ಟ ನಂಬರಿಗೇ ಅದು ಹೋಗುತ್ತದಂತೆ. ಬದಲಿಸಲು ಕಾಲೇಜಿಗೆ ಅರ್ಜಿ ಕೊಟ್ಟು ವಾರ ಕಾಯಬೇಕಂತೆ. ನನ್ನ ಪಿತ್ತ ನೆತ್ತಿಗೇರಿತು.

"ಯಾವ ಪುಣ್ಯಾತ್ಮ ಬರದಾನ ಈ ನಂಬರ? ಅರ್ಜಿ ಅಂದ್ರ ಆಟಾ ಅಂತ ತಿಳದಾನೇನು? ಹುಡುಗೀ ಜೀವನದ ಪ್ರಶ್ನೆ ಐತಿ ಅನ್ನೋ ಖಬರ ಬ್ಯಾಡ?"

ಬೇಜವಾಬ್ದಾರಿಯ ಬಗ್ಗೆ ಒಂದು ಪೀರಿಯಡ್ಡಿನಷ್ಟು ಪಾಠವಾಯಿತು. ಸಮೀನಾ ತಲೆ ತಗ್ಗಿಸಿ ಕೇಳಿದಳು. ನಾನು ನೀರು ಕುಡಿಯಲು ನಿಲ್ಲಿಸಿದಾಗ ಮೆಲ್ಲಗೆ ಹೇಳಿದಳು:

"ಸರ್, ಅದು ನಿಮ್ಮ ನಂಬರ್ ರಿ. ನಾ ಎಂಟನೇ ಕ್ಲಾಸ್ ಇದ್ದಾಗ ನಮ್ಮನ್ಯಾಗ ಫೋನ್ ಇದ್ದಿಲ್ಲ. ಸ್ಕಾಲರ್‌ಶಿಪ್ ಅರ್ಜಿಗೆ ನೀವ ಬರದಿದ್ರಿ. ಅದಕ್ಕ ನಿಮ್ಮ ಕಡೆ ಬಂದೀನ್ರಿ."

ಅಂದರೆ ಅವಳು ಬಂದದ್ದು ನಂಬರಿನ ಹತ್ತಿರ, ಪಂಡಿತನ ಹತ್ತಿರವಲ್ಲ. ನಾಚಿಕೆಯಾಯಿತು. ಆ ಹಳೆಯ ಸಿಮ್ಮು ಈಗ ನನ್ನ ಹೆಂಡತಿಯ ಗುಂಡಿ ಫೋನಿನಲ್ಲಿದೆ, ಹೆಂಡತಿ ಗಂಗಾವತಿಯ ತಂಗಿಯ ಮನೆಯಲ್ಲಿದ್ದಾಳೆ. ಫೋನ್ ಮಾಡಿದೆ.

"ಹೌದ್ರಿ, ಆಗಿಂದ ನಂಬರ ಬರಾಕ ಹತ್ಯಾವ. ನೀವ ಹೇಳಿದಂಗ ಎಲ್ಲಾ ಅಳಿಸೀನಿ."

"ಈಗ ಮತ್ತೊಂದು ಬರತೈತಿ. ಅದನ್ನ ಓದಿ ಹೇಳು."

"ಹೇಳಂಗಿಲ್ರಿ. ನಿಮ್ಮ ದನೀಲೆ ಯಾರರ ಕೇಳಿದ್ರೂ ಹೇಳಬ್ಯಾಡ ಅಂತ ನೀವ ಕಲಿಸೀರಿ."

ಪೇಪರಿನಲ್ಲಿ ಮೋಸದ ಸುದ್ದಿ ಓದಿದಾಗಲೆಲ್ಲ ನಾನೇ ಬಾಯಿಪಾಠ ಮಾಡಿಸಿದ್ದು. ನನ್ನ ಪಾಠವನ್ನು ಇಷ್ಟು ಚೊಕ್ಕವಾಗಿ ನೆನಪಿಟ್ಟ ವಿದ್ಯಾರ್ಥಿ ಇನ್ನೊಬ್ಬರಿಲ್ಲ. ಗಡಿಯಾರ ನಾಲ್ಕು ದಾಟಿತ್ತು. ಸಮೀನಾಳ ಕಣ್ಣು ತುಂಬಿತ್ತು.

"ಖರೇನ ನೀವಾಗಿದ್ರ ಹೇಳ್ರಿ, ನಿಮಗಂತ ಏನ್ ಮಾಡಿಟ್ಟ ಬಂದೀನಿ?" ಎಂದಳು ಹೆಂಡತಿ.

"ಪಲ್ಯಾ," ಎಂದೆ.

"ಯಾವ ಪಲ್ಯಾ?"

ನಾನು ಅಡುಗೆಮನೆಗೆ ಕಾಲಿಟ್ಟಿದ್ದರಲ್ಲವೇ ಗೊತ್ತಿರುವುದು? ಸಮೀನಾ ಒಂದೇ ಓಟಕ್ಕೆ ಒಳಗೆ ಹೋಗಿ ಡಬ್ಬಿ ತೆಗೆದು ಕೂಗಿದಳು: "ಮಡಕಿಕಾಳು ಪಲ್ಯಾ ಐತ್ರಿ! ರೊಟ್ಟಿನೂ ಅದಾವ. ಸರ್ ಉಂಡೇ ಇಲ್ರಿ!"

"ಆ ಹುಡುಗಿ ಕೈಯಾಗ ಕೊಡ್ರಿ ಫೋನು," ಎಂದಳು ನನ್ನ ಹೆಂಡತಿ. ಆರು ಅಂಕಿಗಳನ್ನು ಅವಳಿಗೇ ಹೇಳಿದಳು, ನನಗಲ್ಲ. ಭೂಗೋಳ ಸಿಕ್ಕಿತು. ಸಮೀನಾ ನನ್ನ ಕಾಲು ಮುಟ್ಟಲು ಬಂದಳು, ನಾನೇ ಹಿಂದೆ ಸರಿದೆ. ಬಸ್ಸಿಗೆ ಹೊತ್ತಾಯಿತೆಂದು ಓಡಿದಳು.

ಅಂತೂ ರೊಟ್ಟಿ ಮುರಿದೆ. ಮೊದಲ ತುತ್ತಿಗೇ ಗಂಗಾವತಿಯಿಂದ ಫೋನು.

"ರೀ, ಮತ್ತೊಂದು ನಂಬರ ಬಂತ್ರಿ. ಇದ ಯಾರದು?"

ರೊಟ್ಟಿಯನ್ನು ತಟ್ಟೆಗಿಟ್ಟೆ. ಫೋನಿಲ್ಲದ ಎಷ್ಟು ಮಕ್ಕಳ ಅರ್ಜಿಗೆ ಆ ನಂಬರು ಬರೆದಿದ್ದೆನೋ ನೆನಪಿಲ್ಲ. ಯಾವ ಮಗು ಎಲ್ಲಿ ಕುಳಿತು ನನ್ನನ್ನು ಬೈಯುತ್ತಿದೆಯೋ. ಐದಕ್ಕೆ ಇನ್ನೂ ಕಾಲು ಗಂಟೆ ಇತ್ತು.

"ಅಳಿಸಬ್ಯಾಡ, ಇಟಗೊಂಡಿರು," ಎಂದೆ.

"ಮಾತಾಡಾವ್ರು ನೀವ ಹೌದಿಲ್ಲೋ?"

"ಮಡಕಿಕಾಳು ಪಲ್ಯಾ," ಎಂದೆ, ಬಾಗಿಲ ಕಡೆ ನೋಡುತ್ತ.