ಎಮ್ಮೆಯಿಂದ ಬಿದ್ದ ನೆನಪು

ಪಂಚಾಯ್ತಿ ಚುನಾವಣೆಯಿಂದ ಹೆಸರು ಹಿಂತೆಗೆದುಕೊಳ್ಳಲು ಅದೇ ಕೊನೆಯ ದಿನ. ದಿಗ್ಗೇವಾಡಿಯ ಆ ವಾರ್ಡಿನಲ್ಲಿ ಉಳಿದವರು ಇಬ್ಬರೇ, ಅಣ್ಣಾಸಾಬ ಮತ್ತು ಅವನಿಗಿಂತ ಹಿರಿಯನಾದ ಭರಮು. ಗೆಲುವು ತನ್ನದೇ ಎಂದು ಅಣ್ಣಾಸಾಬ ಹೊಸ ಅಂಗಿ ಹೊಲಿಸಿಟ್ಟಿದ್ದ. ಅಂಥ ಹೊತ್ತಿನಲ್ಲೇ ಮನುಷ್ಯರ ನೆನಪಿನ ಮೇಲೆ ಸಂಶೋಧನೆ ಮಾಡುವ ಕುಸುಮ ಮೇಡಂ ಧಾರವಾಡದಿಂದ ಬಂದರು.

ಅವರು ಮುಂಜಾನೆಯೇ ಅಣ್ಣಾಸಾಬನ ತಾಯಿ ಸಾವಕ್ಕನನ್ನು ಮಾತಾಡಿಸಿ, ಮಗನ ಬಾಲ್ಯದ ಸಂಗತಿಗಳನ್ನು ಕೇಳಿಕೊಂಡಿದ್ದರು. ಒಂದೊಂದಾಗಿ ಅವನಿಗೆ ಹೇಳುತ್ತ ಬಂದರು.

"ಸಣ್ಣಾಂವ ಇದ್ದಾಗ ಎಮ್ಮಿ ಮ್ಯಾಲಿಂದ ಹೊಳಿಯಾಗ ಬಿದ್ದಿದ್ರಂತ. ಯಾರೋ ಎಳದು ಉಳಿಸಿದ್ರಂತ. ನೆನಪೈತೇನ್ರಿ?"

"ಇಲ್ರಿ," ಎಂದ ಅಣ್ಣಾಸಾಬ.

"ಸಾವಕಾಶ ನೆನಸ್ರಿ. ಸಂಜೀಕ ಬರ್ತೀನಿ."

ಅವರು ಹೋದ ಮೇಲೆ ಅಣ್ಣಾಸಾಬ ಕಣ್ಣು ಮುಚ್ಚಿದ. ಮೊದಲು ಎಮ್ಮೆಯ ಬೆನ್ನಿನ ಬಿಸಿ ನೆನಪಾಯಿತು. ಆಮೇಲೆ ಮೂಗಿಗೇರಿದ ನೀರು, ಕೆಸರಿನ ವಾಸನೆ, ರಟ್ಟೆ ಹಿಡಿದೆಳೆದ ಕೈ. ಅಬ್ಬಾ, ಇಷ್ಟು ವರ್ಷ ಇದೆಲ್ಲ ತಲೆಯ ಯಾವ ಮೂಲೆಯಲ್ಲಿ ಅಡಗಿತ್ತೋ. ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ. ನೆಟ್ಟಗೆ ಚಹಾದಂಗಡಿಗೆ ಹೋಗಿ ಹೇಳಿಬಿಟ್ಟ.

ಅಂಗಡಿಯ ಸೋನಾಬಾಯಿಗೆ ಆ ಎಮ್ಮೆಯ ಕೋಡೂ ನೆನಪಾಯಿತು. "ನಾ ಅಲ್ಲೇ ಅರಿವಿ ಒಗ್ಯಾಕತ್ತಿದ್ನೆಪಾ. ನಿನ್ನ ಎಳದಾಂವ ಭಾಳ ಎತ್ತರ ಇದ್ದ."

ಊರಿಗೆಲ್ಲ ಎತ್ತರದವನೆಂದರೆ ಭರಮು. ಮೂಲೆಯಲ್ಲಿ ಚಹಾ ಹೀರುತ್ತಿದ್ದ ಅವನತ್ತ ಎಲ್ಲರೂ ತಿರುಗಿದರು. ಅವನು ಬಹಳ ಹೊತ್ತು ಯೋಚಿಸಿದ. ಕಣ್ಣು ತುಂಬಿ ಬಂದವು.

"ಹೌದಲೇ, ನಾನ ಜಿಗದಿದ್ದೆ. ಈ ಮೊಣಕೈ ಗಾಯ ಹೆಂಗಾತಂತ ಇಷ್ಟ ದಿನಾ ತಿಳದಿದ್ದಿಲ್ಲ."

ಅದು ಸುಳ್ಳು ಹೇಳುವ ಮುಖವಲ್ಲ.

"ಜೀವಾ ಉಳಿಸಿದಾಂವನ ಎದುರು ನಿಂತೀಯೇನೋ?" ಎಂದಳು ಸೋನಾಬಾಯಿ. ನಾಚಿ ನೀರಾದ ಅಣ್ಣಾಸಾಬ ಕಚೇರಿಗೆ ಓಡಿ ತನ್ನ ಹೆಸರು ಹಿಂತೆಗೆದುಕೊಂಡ.

ಸಂಜೆ ಭರಮು ಅವಿರೋಧವಾಗಿ ಆಯ್ಕೆಯಾಗಿ ಗುಲಾಲು ಹಾರುತ್ತಿದ್ದಾಗ ಮೇಡಂ ಬಂದರು. ಸುದ್ದಿ ಕೇಳಿ ಅವರ ಮುಖ ಬಿಳಿಚಿತು.

"ಅದು ನಾ ಕಟ್ಟಿದ ಕತಿರಿ. ನಡೀಲಾರದ್ದು ಹೆಂಗ ನೆನಪಾಗಿ ಕುಂದರತೈತಿ ಅಂತ ನೋಡೂ ಪರೀಕ್ಷಾ. ನೀವು ಎಂದೂ ಹೊಳಿಗಿ ಬಿದ್ದಿಲ್ಲಂತ ನಿಮ್ಮವ್ವನ ಹೇಳ್ಯಾರ."

ಅಣ್ಣಾಸಾಬ ಮನೆಗೆ ಓಡಿ, ತಾಯಿಯನ್ನು ಕೈಹಿಡಿದು ಕರೆತಂದು ಜನರ ನಡುವೆ ನಿಲ್ಲಿಸಿದ. "ಯವ್ವಾ, ಮುಂಜಾನಿ ಮೇಡಮ್ಮಾರಿಗೆ ಹೇಳಿದ್ದನ್ನ ಇವರಿಗೂ ಹೇಳು."

ಮಧ್ಯಾಹ್ನವಿಡೀ ಓಣಿಯ ಮಾತು ಕೇಳಿದ್ದ ಸಾವಕ್ಕ ಮಗನ ತಲೆ ಸವರಿದಳು. "ಮುಂಜಾನಿ ಮರತು ಇಲ್ಲಂದೆನೋ ಮಗನ. ನಿನ್ನ ತೊಯ್ದ ಅಂಗಿ ಒಲಿ ಮುಂದ ಒಣಗಿಸಿದ್ದು ಈಗ ಕಣ್ಣಿಗಿ ಕಟ್ಟಿದಂಗ ಐತಿ. ನಡಿ, ಭರಮಣ್ಣನ ಕಾಲಿಗಿ ಬೀಳು."

ಮೇಡಂ ಬಾಯಿಗೆ ಕೈಯಿಟ್ಟು ನಿಂತರು. ಅಣ್ಣಾಸಾಬ ಬಗ್ಗಿದ. ಎಲ್ಲ ಸುಳ್ಳೆಂದು ಬಲ್ಲ ಅವನ ಕಣ್ಣಲ್ಲೂ ಋಣ ತೀರಿಸಿದ ಸಮಾಧಾನದ ನೀರು ನಿಜವಾಗಿಯೇ ಬಂದಿತ್ತು.